ಪ್ರಸಂಗಕ್ಕಿಂತ ಮೊದಲು ಒಂದು ಪ್ರಶ್ನೆ: ಚರ್ಚ್ ಮತ್ತು ಇಂದಿನ ಯುವಜನ

ಇವತ್ತು ಚರ್ಚ್ ಮತ್ತು ಯುವಜನರ ಬಗ್ಗೆ ಮಾತಾಡೋಣ. ನೀವು ಕ್ರೈಸ್ತರಲ್ಲದಿದ್ದರೂ ಕೇಳಿ. ದೇವಸ್ಥಾನ, ಮಸೀದಿ, ಮಠ, ಎಲ್ಲರ ಮುಂದೆಯೂ ಹೆಚ್ಚುಕಡಿಮೆ ಇದೇ ಪ್ರಶ್ನೆ ಇದೆ.

"ಈಗಿನ ಹುಡುಗರು ಚರ್ಚಿಗೇ ಬರಲ್ಲ" ಅಂತ ಹಿರಿಯರು ಹೇಳ್ತಾರೆ. ಆದ್ರೆ ಬರೋರು ಎಷ್ಟೋ ಜನ ಇದ್ದಾರೆ. ಕ್ವಾಯರ್‌ನಲ್ಲಿ ಹಾಡ್ತಾರೆ, ಕ್ರಿಸ್‌ಮಸ್‌ಗೆ ಗೋದಲಿ ಕಟ್ತಾರೆ, ಭಾನುವಾರದ ಲೈವ್‌ಸ್ಟ್ರೀಮ್ ನೋಡ್ಕೊಳ್ತಾರೆ. ಚರ್ಚಿನ ಕೆಲಸಕ್ಕೆ ಅವರು ಬೇಕು. ಆದ್ರೆ ಆ ಗಿಟಾರ್ ಹಿಡಿದ ಹುಡುಗನಿಗೆ ಎಷ್ಟು ಸಬ್ಜೆಕ್ಟ್ ಬಾಕಿ ಇದೆ, ಆನ್‌ಲೈನ್ ಆಟದಲ್ಲಿ ಎಷ್ಟು ದುಡ್ಡು ಹೋಗಿದೆ, ರಾತ್ರಿ ನಿದ್ದೆ ಬರುತ್ತಾ ಅಂತ ಕೇಳೋರು ಯಾರು?

ಇದು ಸಣ್ಣ ವಿಷಯ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರಲ್ಲಿ ನಮ್ಮ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,000ಕ್ಕೂ ಹೆಚ್ಚು. ಅವರಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು. ಇವರಲ್ಲಿ ಎಲ್ಲ ಧರ್ಮದ ಮಕ್ಕಳೂ ಇದ್ದಾರೆ.

ಇಲ್ಲಿ ಚರ್ಚ್ ತನ್ನದೇ ಒಂದು ಹಳೆಯ ಲೆಕ್ಕವನ್ನೂ ನೋಡ್ಕೊಳ್ಳಬೇಕು. ಕಥೋಲಿಕ ಧರ್ಮಸಭೆಯ 1917ರ ಕಾನೂನಿನಲ್ಲಿ, ತಿಳಿದೂ ತಿಳಿದೂ ಪ್ರಾಣ ಕಳ್ಕೊಂಡವರಿಗೆ ಧಾರ್ಮಿಕ ಅಂತ್ಯಕ್ರಿಯೆ ಇರಲಿಲ್ಲ. 1983ರ ಹೊಸ ಕಾನೂನು ಆ ನಿಯಮವನ್ನು ಕೈಬಿಟ್ಟಿತು. ತೀವ್ರ ಮಾನಸಿಕ ತೊಂದರೆಯಲ್ಲಿದ್ದವರ ಹೊಣೆ ಕಡಿಮೆ, ಅವರಿಗಾಗಿ ಪ್ರಾರ್ಥಿಸಬೇಕು ಅನ್ನೋದು ಈಗಿನ ಬೋಧನೆ. ಕಾನೂನು ಬದಲಾಗಿ 40 ವರ್ಷ ದಾಟಿದೆ. ಆದ್ರೆ ನಾಚಿಕೆ, ಪಿಸುಮಾತು ಹೋಗಿದೆಯಾ? "ಖಿನ್ನತೆ ಅಂದ್ರೆ ನಂಬಿಕೆ ಸಾಲದು" ಅನ್ನೋ ಮಾತು ಒಬ್ಬ ಹುಡುಗಿಯ ಕಿವಿಗೆ ಬಿದ್ರೆ ಸಾಕು, ಅವಳು ಮತ್ತೆ ಬಾಯಿ ಬಿಡಲ್ಲ.

ಹಾಗಾದ್ರೆ ಚರ್ಚ್ ಏನು ಮಾಡಬಹುದು? ಉತ್ತರ ನಮ್ಮ ಕರಾವಳಿಯ ಇತಿಹಾಸದಲ್ಲೇ ಇದೆ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದ್ರು. ಅವರ ಸಭೆ ಸೇರಿದ ಎಷ್ಟೋ ಜನರಿಗೆ ಮನೆ, ಜಾತಿ, ಕಸುಬು ಎಲ್ಲ ಒಟ್ಟಿಗೆ ಕೈತಪ್ಪಿತು. ಪ್ರಸಂಗ ಕೇಳಿದ್ರೆ ಹೊಟ್ಟೆ ತುಂಬುತ್ತಾ? ಹಾಗಾಗಿ ಮಿಷನ್‌ನವರು ಅಚ್ಚುಕೂಟ, ನೇಯ್ಗೆ, 1865ರಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ರು. ಅವರ ಕೆಲಸದಲ್ಲೂ ಕುಂದುಗಳಿದ್ದವು. ಆದ್ರೆ ಮುಂದೆ ನಿಂತವರ ಕಷ್ಟ ಏನು ಅಂತ ನೋಡಿ, ಅದಕ್ಕೆ ತಕ್ಕ ದಾರಿ ಹುಡುಕಿದ್ರು.

ಇವತ್ತಿನ ಕಷ್ಟ ಬೇರೆ, ಕ್ರಮ ಅದೇ ಆಗಬಹುದು. ಮೊದಲನೆಯದು, ಜಾಗ. ಚರ್ಚ್ ಹಾಲ್‌ಗಳು ವಾರದ ದಿನಗಳಲ್ಲಿ ಬಹುತೇಕ ಖಾಲಿ. ಸಂಜೆ ಎರಡು ಗಂಟೆ ಬಾಗಿಲು ತೆಗೀರಿ, ಫ್ಯಾನು, ಲೈಟು, ವೈಫೈ ಕೊಡಿ. ಪಿಜಿ ರೂಮಿನಲ್ಲಿ ಕೂತು ಪರೀಕ್ಷೆಗೆ ಓದೋ ಬೀದರ್ ಹುಡುಗನಿಗೆ ಬೆಂಗಳೂರಲ್ಲಿ ಅದು ದೊಡ್ಡ ಉಪಕಾರ.

ಎರಡನೆಯದು, ಗುಟ್ಟು ಕಾಯೋ ಕಿವಿ. ಪಾಪನಿವೇದನೆಯ ಗುಟ್ಟನ್ನು ಫಾದರ್ ಯಾವ ಕಾರಣಕ್ಕೂ ಹೊರಗೆ ಹಾಕುವಂತಿಲ್ಲ. ಅದೇ ಭರವಸೆ ಯೂತ್ ಲೀಡರ್ ಹತ್ತಿರವೂ ಸಿಗಬೇಕು. ಹೇಳಿದ ಮಾತು "ಪ್ರಾರ್ಥನಾ ವಿಷಯ" ಆಗಿ ವಾಟ್ಸಾಪ್ ಗ್ರೂಪಿಗೆ ಬಂದ್ರೆ ಮುಗೀತು. ಜೀವಕ್ಕೆ ಅಪಾಯ ಇದ್ರೆ ಮಾತ್ರ ಗುಟ್ಟು ಅಂತ ಸುಮ್ಮನಿರಬಾರದು, ಆಗ ಬೇರೆಯವರ ನೆರವು ಕರೀಲೇಬೇಕು. ಇದನ್ನು ಮೊದಲೇ ಹೇಳಿಬಿಡಿ.

ಮೂರನೆಯದು, ಪ್ರಾರ್ಥನೆ ಜೊತೆ ವೈದ್ಯರು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416. ಯಾವ ಹೊತ್ತಿಗಾದ್ರೂ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಪ್ರತಿ ಚರ್ಚಿನ ನೋಟಿಸ್ ಬೋರ್ಡ್ ಮೇಲೆ ಇರಲಿ. ಪಾಸ್ಟರ್ ವೇದಿಕೆಯಿಂದ ಒಂದು ಸಲ ಹೇಳಿದ್ರೆ ನಾಚಿಕೆ ಅರ್ಧ ಇಳಿಯುತ್ತೆ.

ನಾಲ್ಕನೆಯದು, ತೀರ್ಮಾನದಲ್ಲಿ ಪಾಲು. ಕುರ್ಚಿ ಜೋಡಿಸೋಕೆ ಯುವಕರು, ಹಣ ಎಲ್ಲಿಗೆ ಖರ್ಚು ಅಂತ ನಿರ್ಧರಿಸೋಕೆ ಹಿರಿಯರು ಮಾತ್ರ ಅಂದ್ರೆ ಹೇಗೆ? ಸಮಿತಿಯಲ್ಲಿ ಇಬ್ಬರು ಹುಡುಗಿಯರು, ಇಬ್ಬರು ಹುಡುಗರು ಕೂರಲಿ. ಅವರ ಮಾತಿಗೂ ಮತ ಇರಲಿ.

2018ರಲ್ಲಿ ಪೋಪ್ ಫ್ರಾನ್ಸಿಸ್ ಯುವಜನರಿಗಾಗಿಯೇ ಬಿಷಪ್‌ಗಳ ಸಿನೊಡ್ ಕರೆದಿದ್ರು. ಅದರ ಕೊನೆಯ ದಾಖಲೆಗೆ ಆಧಾರವಾಗಿ ತಗೊಂಡದ್ದು ಎಮ್ಮಾವು ದಾರಿಯ ಕಥೆ. ನಿರಾಶರಾಗಿ ಊರು ಬಿಟ್ಟು ಹೊರಟ ಇಬ್ಬರ ಜೊತೆ ಯೇಸು ಹೆಜ್ಜೆ ಹಾಕ್ತಾರೆ. ಮೊದಲು ಕೇಳೋದು, ಏನು ಮಾತಾಡ್ಕೊಂಡು ಹೋಗ್ತಿದ್ದೀರಿ ಅಂತ. ಅವರು ಹೇಳಿ ಮುಗಿಸೋವರೆಗೂ ಕೇಳಿಸ್ಕೊಳ್ತಾರೆ. ಪ್ರಸಂಗ ಶುರುವಾಗೋದು ಆಮೇಲೆ.

ಈ ಭಾನುವಾರ ಆರಾಧನೆ ಮುಗಿದ ಮೇಲೆ, ಗೇಟ್ ಹತ್ತಿರ ಒಬ್ಬರೇ ಮೊಬೈಲ್ ನೋಡ್ತಾ ನಿಂತವರು ಕಂಡ್ರೆ ಹತ್ತಿರ ಹೋಗಿ. "ಹೇಗಿದ್ದೀಯಾ?" ಅಂತ ಕೇಳಿ, ಉತ್ತರ ಬರೋವರೆಗೂ ನಿಲ್ಲಿ.