ದೊರೆಯನ್ನೂ ತೂಗಿದ ನ್ಯಾಯ

ಇಸ್ಲಾಮಿನ ರಾಜಕೀಯ ಚಿಂತನೆ ಆಳುವವರಿಗೆ ತಲೆಬಾಗುವುದನ್ನಷ್ಟೇ ಕಲಿಸಿತು ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಚರಿತ್ರೆ ಈ ಮಾತನ್ನು ಪೂರ್ತಿ ಒಪ್ಪುವುದಿಲ್ಲ. ಆ ಪರಂಪರೆಯ ದೊಡ್ಡ ಚಿಂತಕರು ‘ಅದ್ಲ್’, ಅಂದರೆ ನ್ಯಾಯವನ್ನು ದೊರೆಯನ್ನೂ ತೂಗುವ ಅಳತೆಗೋಲಾಗಿ ಬಳಸಿದರು. 8ನೆಯ ಶತಮಾನದ ಕೊನೆಯ ಭಾಗದಲ್ಲಿ ಮುಖ್ಯ ಖಾಜಿ, ಅಂದರೆ ಮುಖ್ಯ ನ್ಯಾಯಾಧೀಶರಾಗಿದ್ದ ಅಬೂ ಯೂಸುಫರು ಖಲೀಫ ಹಾರೂನ್ ಅಲ್ ರಶೀದರಿಗಾಗಿ ಕಂದಾಯದ ಬಗ್ಗೆ ಒಂದು ಗ್ರಂಥ ಬರೆದರು. ನೆಲದ ಅಳತೆಯ ಮೇಲೆ ಕಟ್ಟುವ ಕಂದಾಯಕ್ಕಿಂತ ಬೆಳೆಯಲ್ಲಿ ಪಾಲು ಪಡೆಯುವುದೇ ಲೇಸು ಎಂದರು. ಅನ್ಯಧರ್ಮೀಯರಿಂದ ಜಿಜಿಯಾ ಎಂಬ ತಲೆಗಂದಾಯ ವಸೂಲಿ ಮಾಡುವಾಗ ಹೊಡೆಯಕೂಡದು, ಬಿಸಿಲಲ್ಲಿ ನಿಲ್ಲಿಸಕೂಡದು ಎಂದೂ ಎಚ್ಚರಿಸಿದರು. ಹೀಗೆ ಬರೆದು ತಿಳಿಸಬೇಕಾಗಿತ್ತು ಎಂದಮೇಲೆ ಅಂಥ ಹಿಂಸೆ ನಡೆಯುತ್ತಿತ್ತೆಂದೇ ಊಹಿಸಬೇಕು. ಆದರೂ ಖಲೀಫನ ಸಂಬಳ ಉಣ್ಣುವವರು ಖಲೀಫನಿಗೇ ಅದನ್ನು ಹೇಳಿದರಲ್ಲ, ಅದು ಸಣ್ಣ ಸಂಗತಿಯಲ್ಲ.

ಇದಕ್ಕೆ ಎದುರು ನಿಲ್ಲುವ ಗಟ್ಟಿ ಆಕ್ಷೇಪವೊಂದಿದೆ. ತಮ್ಮನ್ನು ‘ನ್ಯಾಯದ ಪಕ್ಷದವರು’ ಎಂದು ಕರೆದುಕೊಂಡ ಮುಅತಜಿಲಾ ಪಂಥದವರ ಸಿದ್ಧಾಂತವನ್ನೇ 833ರಲ್ಲಿ ಖಲೀಫ ಮಾಮೂನ್ ವಿದ್ವಾಂಸರನ್ನು ವಿಚಾರಣೆಗೆ ಒಳಪಡಿಸಿ ಅವರ ಮೇಲೆ ಬಲವಂತವಾಗಿ ಹೇರಿದ. ಕುರ್‌ಆನ್ ಸೃಷ್ಟಿಯಾದದ್ದು ಎಂಬ ಆ ಸಿದ್ಧಾಂತವನ್ನು ಒಪ್ಪದ ವಿದ್ವಾಂಸ ಅಹ್ಮದ್ ಇಬ್ನ್ ಹಂಬಲ್ ಸೆರೆಮನೆ ಸೇರಿದರು. ಮುಂದಿನ ಖಲೀಫನ ಕಾಲದಲ್ಲಿ ಚಾವಟಿ ಏಟನ್ನೂ ತಿಂದರು. ನ್ಯಾಯದ ಹೆಸರೂ ಅಧಿಕಾರದ ಕೈಗೆ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಅದೇ ಇಬ್ನ್ ಹಂಬಲ್ ದೊರೆಯ ವಿರುದ್ಧ ಕತ್ತಿ ಎತ್ತಲು ಒಪ್ಪಲಿಲ್ಲ, ದಂಗೆಯಿಂದ ಹರಿಯುವ ರಕ್ತಕ್ಕೆ ಅಂಜಿದರು. ಇದನ್ನು ಶರಣಾಗತಿ ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ: ದಂಗೆ ಬೇಡ ಎಂದವರು ತಮ್ಮ ಮಾತನ್ನು ಮಾತ್ರ ದೊರೆಗೆ ಒಪ್ಪಿಸಲಿಲ್ಲ. ಮುಂದೆ ಖಲೀಫ ಮುತವಕ್ಕಿಲ್ ಆ ವಿಚಾರಣೆಯನ್ನೇ ಕೈಬಿಡಬೇಕಾಯಿತು. ಧರ್ಮದ ಮಾತಿನಲ್ಲಿ ಕೊನೆಯ ತೀರ್ಪು ಖಲೀಫನದಲ್ಲ ಎಂಬುದು ಸುನ್ನಿ ಜಗತ್ತಿನಲ್ಲಿ ಬೇರೂರಿದ್ದು ಅಲ್ಲಿಂದಾಚೆ.

ಟ್ಯೂನಿಸ್‌ನಲ್ಲಿ ಹುಟ್ಟಿದ ಚರಿತ್ರೆಕಾರ ಇಬ್ನ್ ಖಲ್ದೂನ್ 1377ರಲ್ಲಿ ‘ಮುಕದ್ದಿಮಾ’ ಎಂಬ ಗ್ರಂಥ ಬರೆಯುವಾಗ, ದೊರೆಯೂ ನ್ಯಾಯದಿಂದ ಆಳಬೇಕೆಂಬ ಈ ನೀತಿಗೆ ಲೋಕಾನುಭವದ ಆಧಾರ ಕೊಟ್ಟರು. ರಾಜ್ಯದ ಆರಂಭದಲ್ಲಿ ತೆರಿಗೆ ಕಡಿಮೆ, ಬೊಕ್ಕಸ ತುಂಬಿರುತ್ತದೆ. ಕೊನೆಗಾಲದಲ್ಲಿ ತೆರಿಗೆ ಏರುತ್ತದೆ, ಬೊಕ್ಕಸ ಬತ್ತುತ್ತದೆ. ಬಿಟ್ಟಿ ದುಡಿಸುವುದನ್ನು ಅವರು ಅತಿ ಘೋರ ಅನ್ಯಾಯಗಳ ಸಾಲಿಗೆ ಸೇರಿಸಿದರು, ಏಕೆಂದರೆ ದುಡಿಮೆಯೇ ಜನರ ಸಂಪತ್ತು. ಇದು ಆದರ್ಶದ ಮಾತಾಯಿತು, ನಡೆದದ್ದೇನು ಎಂದು ನೀವು ಕೇಳಬಹುದು. 1384ರಲ್ಲಿ ಕೈರೋದಲ್ಲಿ ಮಾಲಿಕಿ ಎಂಬ ನ್ಯಾಯಪಂಥದ ಖಾಜಿಯಾದ ಇಬ್ನ್ ಖಲ್ದೂನ್, ತಾವೇ ಬರೆದಿಟ್ಟಂತೆ, ದೊಡ್ಡವರ ಶಿಫಾರಸಿಗೆ ಮಣಿಯಲಿಲ್ಲ. ಮರುವರ್ಷವೇ ಹುದ್ದೆ ಹೋಯಿತು. ಮುಂದೆ ಅದೇ ಹುದ್ದೆಗೆ ಹಲವು ಸಲ ಬಂದರು, ಹೋದರು. 1406ರಲ್ಲಿ ತೀರಿಕೊಂಡಾಗ ಮತ್ತೆ ಖಾಜಿಯಾಗಿಯೇ ಇದ್ದರು.