ಬಾನಾಮತಿಯ ಬೆಂಕಿ



ಗೂಟಕ್ಕೆ ತೂಗುಹಾಕಿದ ಅಂಗಿ ಇದ್ದಕ್ಕಿದ್ದಂತೆ ಹೊತ್ತಿಕೊಳ್ಳುತ್ತದೆ. ಅದನ್ನು ಆರಿಸುವಷ್ಟರಲ್ಲಿ ಒಳಕೋಣೆಯ ಕೌದಿ ಹೊಗೆಯಾಡುತ್ತದೆ. ಮರುದಿನ ಹಿತ್ತಲಿನ ಬಣವಿ ಉರಿಯುತ್ತದೆ. ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ಹಿರಿಯರನ್ನು ಕೇಳಿ ನೋಡಿ, ಇದು ಬಾನಾಮತಿ ಅನ್ನುತ್ತಾರೆ. ಯಾರೋ ಮಂತ್ರಶಕ್ತಿ ಉಳ್ಳವರು ದೂರದಲ್ಲಿ ಕುಳಿತೇ ಬೆಂಕಿ ಹಚ್ಚುತ್ತಾರೆಂಬುದು ನಂಬಿಕೆ. ಹಾಗೆ ಬೆರಳು ತೋರಿಸಿಕೊಂಡವರು ಹೆಚ್ಚಾಗಿ ಬಡವರು, ಒಂಟಿಯಾಗಿ ಬದುಕುವವರು. ಅಂಥವರನ್ನು ಕಂಬಕ್ಕೆ ಕಟ್ಟಿ ಹೊಡೆದದ್ದುಂಟು, ಮಂತ್ರ ಉಚ್ಚರಿಸಬಾರದೆಂದು ಹಲ್ಲು ಕಿತ್ತದ್ದೂ ಉಂಟು. ಬೆಂಕಿ ಸುಟ್ಟದ್ದು ನಾಲ್ಕು ಬಟ್ಟೆ, ಭಯ ಸುಟ್ಟದ್ದು ಮನುಷ್ಯರನ್ನು. ಅದಕ್ಕೇ ಇಂಥ ಬೆಂಕಿಯ ತನಿಖೆ ಹೇಗೆ ನಡೆಯಬೇಕೆಂಬುದು ನಮಗೆಲ್ಲ ಗೊತ್ತಿರಬೇಕು.

ತನಿಖೆಗೆ ಬಂದವರು ಮೊದಲು ಸಂಶಯಪಡಬೇಕಾದದ್ದು ಮನುಷ್ಯರ ಮೇಲಲ್ಲ, ಮನೆಯಲ್ಲಿರುವ ಸಾಮಾನಿನ ಮೇಲೆ. ವಿಜಯಪುರ ಸೀಮೆಯ ಜೈನಾಪುರ, ಬಬಲೇಶ್ವರ, ತಿಕೋಟಾ ಕಡೆಯ ರೈತರ ಮನೆಯನ್ನೇ ನೆನೆಯಿರಿ. ಹಸಿ ಆರದ ಕಣಿಕಿಯನ್ನು ಬಣವಿ ಒಟ್ಟಿದರೆ ಒಳಗಿನ ಸೂಕ್ಷ್ಮಜೀವಿಗಳು ಅದನ್ನು ಕಾಯಿಸುತ್ತವೆ. ಶಾಖ ಸುಮಾರು 70 ಡಿಗ್ರಿ ಮುಟ್ಟಿದ ಮೇಲೆ ಆ ಜೀವಿಗಳು ಸತ್ತರೂ ರಾಸಾಯನಿಕ ಕ್ರಿಯೆ ನಿಲ್ಲುವುದಿಲ್ಲ. ದಿನಗಳು, ಕೆಲವೊಮ್ಮೆ ವಾರಗಳು ಕಳೆದು ಬಣವಿಯ ಹೊಟ್ಟೆಯಿಂದಲೇ ಬೆಂಕಿ ಏಳಬಹುದು. ನಮ್ಮ ಕುಸುಬಿ ಎಣ್ಣೆಯೂ ಅಷ್ಟೇ. ಅದು ಗಾಳಿಯಲ್ಲಿ ಒಣಗುವ ಜಾತಿಯ ಎಣ್ಣೆ, ಒಣಗುವಾಗ ಶಾಖ ಬಿಡುತ್ತದೆ. ಅದರಲ್ಲಿ ನೆನೆದ ಚಿಂದಿಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಒತ್ತರಿಸಿದರೆ ಆ ಶಾಖಕ್ಕೆ ಹೊರಹೋಗಲು ದಾರಿ ಇರುವುದಿಲ್ಲ. ಒಣದ್ರಾಕ್ಷಿಗೆ ಹೊಂಬಣ್ಣ ಬರಲೆಂದು ಹೊಗೆ ಹಾಕುವ ಶೆಡ್ಡುಗಳಲ್ಲಿ ಗಂಧಕ ಇರುತ್ತದೆ. ಗಂಧಕ ತಾನಾಗಿ ಹೊತ್ತಿಕೊಳ್ಳುವುದಿಲ್ಲ ನಿಜ, ಆದರೆ ಕಿಡಿ ತಾಗಿದರೆ ಉರಿಯುತ್ತದೆ. ಹಳೆಯ ವೈರು, ಸಡಿಲಾದ ಸ್ವಿಚ್ಚುಗಳನ್ನು ಯಾರಾದರೂ ನೋಡಿಯೇ ನೋಡುತ್ತಾರೆ.

ಇವೆಲ್ಲ ಸರಿಯಿದ್ದರೆ ಆಮೇಲೆ ಕೈಚಳಕದ ಸರದಿ. ಬಿಳಿ ರಂಜಕ ನೀರಿನಿಂದ ಹೊರಬಂದರೆ ಸುಮಾರು 30 ಡಿಗ್ರಿ ಶಾಖದಲ್ಲೇ ಹೊತ್ತಿಕೊಳ್ಳುತ್ತದೆ, ನಮ್ಮ ಬಿಸಿಲಿಗೆ ಬೇರೆ ಮಂತ್ರ ಬೇಕಿಲ್ಲ. 1882ರಲ್ಲಿ ಅಮೆರಿಕದ ಮಿಶಿಗನ್ನಿನಲ್ಲಿ ಒಬ್ಬಾತ ಕರವಸ್ತ್ರಕ್ಕೆ ಉಸಿರೂದಿಯೇ ಬೆಂಕಿ ಹಚ್ಚುತ್ತಾನೆಂದು ದೊಡ್ಡ ಸುದ್ದಿಯಾಗಿತ್ತು. ಬಚ್ಚಿಟ್ಟ ರಂಜಕದಿಂದ ಅದು ಸಾಧ್ಯವೆಂದು ಮುಂದೆ ಪವಾಡಗಳನ್ನು ಶೋಧಿಸಿದವರು ವಿವರಿಸಿದರು. ಮಂಗಳೂರಿನ ನರೇಂದ್ರ ನಾಯಕ್, ನಮ್ಮ ಹುಲಿಕಲ್ ನಟರಾಜ್ ಇಂಥ ಚಮತ್ಕಾರಗಳನ್ನು ಊರೂರಿನ ವೇದಿಕೆಗಳಲ್ಲಿ ಮಾಡಿ ತೋರಿಸಿ, ಗುಟ್ಟನ್ನೂ ಬಿಡಿಸಿ ಹೇಳಿದ್ದಾರೆ. ಈ ದಾರಿಗೆ ನಮ್ಮಲ್ಲಿ ಬಲ ತಂದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲೆಂದೇ ಒಂದು ಸಮಿತಿ ಕಟ್ಟಿದರು.

ಆದರೆ ಮನೆಯೊಳಗಿನ ಬೆಂಕಿಯಲ್ಲಿ ಹೆಚ್ಚಿನ ಸಲ ರಂಜಕವೂ ಇರುವುದಿಲ್ಲ, ಇರುವುದು ಬೆಂಕಿಪೊಟ್ಟಣ. 1948ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಮಾಕಂಬ್ ಪಟ್ಟಣದ ಹತ್ತಿರ ಒಂದು ಒಕ್ಕಲುಮನೆಯ ಗೋಡೆಕಾಗದ, ಪರದೆಗಳು ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ಹೊತ್ತಿಕೊಂಡವು. ಇನ್ನೂರಕ್ಕೂ ಹೆಚ್ಚು ಸಲ ಎಂದು ಪತ್ರಿಕೆಗಳು ಬರೆದವು. ಮನೆ ಸುಟ್ಟಿತು, ಕೊಟ್ಟಿಗೆಗಳು ಸುಟ್ಟವು. ಅಗ್ನಿಶಾಮಕದ ಅಧಿಕಾರಿಗಳ ಜೊತೆಗೆ ವಾಯುಪಡೆಯ ತಂತ್ರಜ್ಞರೂ ಬಂದರು, ರೇಡಿಯೋ ಅಲೆಗಳ ಮಾತೂ ಎದ್ದಿತು. ಕೊನೆಗೆ ಒಪ್ಪಿಕೊಂಡದ್ದು ಆ ಮನೆಯಲ್ಲಿದ್ದ 13 ವರ್ಷದ ಹುಡುಗಿ. ತಂದೆತಾಯಿ ಬೇರೆಯಾಗಿದ್ದರು, ಅವಳಿಗೆ ತಾಯಿಯ ಹತ್ತಿರ ಹೋಗಬೇಕಿತ್ತು. ಯಾರೂ ನೋಡದ ಹೊತ್ತಿನಲ್ಲಿ ಕಡ್ಡಿ ಗೀರುತ್ತಿದ್ದಳು.

ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ ಇದೇ ಕಾಟಕ್ಕೆ ಭಾನಾಮತಿ ಎಂದೇ ಹೆಸರು. ಅಲ್ಲಿ ನರೇಂದ್ರ ದಾಭೋಲ್ಕರ್ 1989ರಲ್ಲಿ ಕಟ್ಟಿದ ಅಂಧಶ್ರದ್ಧಾ ನಿರ್ಮೂಲನ ಸಮಿತಿ ಇಂಥ ಮನೆಗಳಿಗೆ ಹೋಗಿ ಹೋಗಿ ಒಂದು ಕ್ರಮವನ್ನೇ ರೂಪಿಸಿತು. ಮನೆಯವರನ್ನು ಒಬ್ಬೊಬ್ಬರನ್ನಾಗಿ ಕೂಡಿಸಿಕೊಂಡು ಮಾತಾಡಿಸುವುದು. ಯಾವ ಹೊತ್ತಿಗೆ ಬೆಂಕಿ ಕಂಡಿತು, ಆಗ ಯಾರು ಎಲ್ಲಿದ್ದರು, ಯಾರು ಊರಲ್ಲಿಲ್ಲದ ದಿನ ಏನೂ ಆಗಲಿಲ್ಲ ಎಂದು ತಾಳೆ ನೋಡುವುದು. ಈ ಲೆಕ್ಕ ಹಲವು ಸಲ ಮನೆಯವರಲ್ಲೇ ಒಬ್ಬರ ಬಳಿ ಬಂದು ನಿಲ್ಲುತ್ತದೆ: ಗಂಡನ ಮನೆಯಲ್ಲಿ ಬಾಯಿಬಿಡಲಾಗದ ಸೊಸೆ, ಶಾಲೆ ಬಿಡಿಸಿಕೊಂಡ ಹುಡುಗಿ, ಹೊಡೆತ ತಿಂದೇ ಬೆಳೆದ ಹುಡುಗ. ಗೊತ್ತಾದ ಮೇಲೂ ಸಮಿತಿಯವರು ಆ ಹೆಸರನ್ನು ಊರ ಮುಂದೆ ಹೇಳುವುದಿಲ್ಲ. ನನ್ನ ಮಟ್ಟಿಗೆ ಇಡೀ ತನಿಖೆಯ ಹಿರಿಮೆ ಇರುವುದು ಈ ಮೌನದಲ್ಲಿ. ಹೆಸರು ಹೊರಬಿದ್ದರೆ ಮಂತ್ರಗಾತಿಯ ಜಾಗದಲ್ಲಿ ಆ ಸೊಸೆಯನ್ನು ನಿಲ್ಲಿಸಿದಂತಾಗುತ್ತದೆ, ಅಷ್ಟೇ. ದಾಭೋಲ್ಕರರನ್ನು 2013ರ ಆಗಸ್ಟ್ 20ರಂದು ಪುಣೆಯಲ್ಲಿ ಗುಂಡಿಟ್ಟು ಕೊಂದರು. ಅವರು ಕಲಿಸಿದ ಕ್ರಮ ಉಳಿದಿದೆ.

ನಮ್ಮಲ್ಲೂ ಬಾನಾಮತಿಯನ್ನು ವೈದ್ಯರ ಕಣ್ಣಿನಿಂದ ನೋಡಿದವರಿದ್ದಾರೆ. ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಸಿ.ಆರ್. ಚಂದ್ರಶೇಖರ್ ಅಂಥವರಲ್ಲಿ ಮುಖ್ಯರು. ಬಾನಾಮತಿ ಎಂದರೆ ಬೆಂಕಿ, ಕಲ್ಲು ಬೀಳುವುದು ಮಾತ್ರವಲ್ಲ. ಹೆಣ್ಣುಮಕ್ಕಳು ನಾಯಿಯಂತೆ ಬೊಗಳುವುದು, ಒಬ್ಬಳನ್ನು ಕಂಡು ಇನ್ನೊಬ್ಬಳಿಗೂ ಹಾಗೇ ಆಗುವುದು ಕೂಡ. ಇದರಲ್ಲಿ ನಾಟಕವಿಲ್ಲ. ಹೇಳಿಕೊಳ್ಳಲಾಗದ ಸಂಕಟ ಮೈಯ ಮೂಲಕ ಮಾತಾಡುವ ಸಾಮೂಹಿಕ ಉನ್ಮಾದ ಅದು, ಚಿಕಿತ್ಸೆಗೆ ಬಗ್ಗುತ್ತದೆ.

ಕಾನೂನೂ ಈಗ ಬೆನ್ನಿಗಿದೆ. ಕರ್ನಾಟಕದ ಮೌಢ್ಯ ನಿಷೇಧ ಕಾಯ್ದೆಗೆ ವಿಧಾನಮಂಡಲ 2017ರಲ್ಲಿ ಒಪ್ಪಿಗೆ ಕೊಟ್ಟಿತು, 2020ರಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿಹಾಕಿ ಹೊಡೆಯುವುದು ಅದರಡಿ ಅಪರಾಧ.

ನಿಮ್ಮೂರಲ್ಲಿ ಇಂಥದ್ದೇನಾದರೂ ನಡೆದರೆ ಸುಟ್ಟ ಬಟ್ಟೆಯನ್ನು ತಿಪ್ಪೆಗೆ ಎಸೆಯಬೇಡಿ. ಗಟ್ಟಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಟ್ಟು ಪೊಲೀಸರಿಗೆ ಕೊಡಿ. ಯಾರಾದರೂ ಸೀಮೆಎಣ್ಣೆ ಸುರಿದಿದ್ದರೆ ಅದರ ಆವಿ ತೆಳ್ಳನೆಯ ಪ್ಲಾಸ್ಟಿಕ್ ಚೀಲದಿಂದ ಸೋರಿಹೋಗುತ್ತದೆ, ಬಾಟಲಿಯಲ್ಲಾದರೆ ಪ್ರಯೋಗಾಲಯದವರಿಗೆ ಸಿಗುತ್ತದೆ. ಬೆಂಕಿ ಕಂಡ ಹೊತ್ತು ಬರೆದಿಡಿ. ಮನೆಯಲ್ಲಿ ಮಾತು ಬಿಟ್ಟು ಮಂಕಾಗಿ ಕುಳಿತವರು ಯಾರಾದರೂ ಇದ್ದಾರೆಯೇ ಎಂದು ಪ್ರೀತಿಯಿಂದ ಗಮನಿಸಿ. ಅವರಿಗಾಗಿ 14416ಕ್ಕೆ ಫೋನ್ ಮಾಡಬಹುದು. ಅದು ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.