ಹೊರೆಯಿಳಿಸುವ ಕಲ್ಲು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಬಾಳುವ ಸುಖದ ನೆಲೆ ಯಾವುದು ಎಂಬ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಸಂಘದ ಕಾರ್ಯದರ್ಶಿಗಳು ನಮ್ಮನ್ನು ಕೇಳಿಕೊಂಡಾಗ ನಾವು ತುಸು ಅಳುಕಿದೆವು. ಋಷಿಗಳೂ ದಾರ್ಶನಿಕರೂ ಬಾಳೆಲ್ಲ ಅರಸಿದ ವಸ್ತುವನ್ನು ಕುರಿತು, ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುವ ನಾವು ಏನನ್ನು ತಾನೆ ಹೇಳಬಲ್ಲೆವು? ಆದುದರಿಂದ ತತ್ತ್ವದ ಗಗನಕ್ಕೆ ಏರದೆ, ಹಾದಿಯ ಬದಿಯ ಒಂದು ಕಲ್ಲಿನಿಂದ ಮಾತನ್ನು ಆರಂಭಿಸುತ್ತೇವೆ.

ಕೇರಳದ ಹಳೆಯ ಹಾದಿಗಳ ಪಕ್ಕದಲ್ಲಿ ಎರಡು ಕಲ್ಲುಕಂಬಗಳನ್ನು ನೆಟ್ಟು, ಅವುಗಳ ಮೇಲೆ ತಲೆಯೆತ್ತರಕ್ಕೆ ಅಡ್ಡಗಲ್ಲೊಂದನ್ನು ಇರಿಸಿರುವುದನ್ನು ಕೆಲವೆಡೆ ಇಂದಿಗೂ ಕಾಣಬಹುದು. ಮಲಯಾಳದಲ್ಲಿ ಇದಕ್ಕೆ ಅತ್ತಾಣಿ ಎಂದು ಹೆಸರು. ಮೋಟಾರು ವಾಹನಗಳಿಲ್ಲದ ದಿನಗಳಲ್ಲಿ ತಲೆಹೊರೆ ಹೊತ್ತು ಹರದಾರಿಗಟ್ಟಲೆ ನಡೆಯುತ್ತಿದ್ದವನು ಒಬ್ಬಂಟಿಯಾಗಿದ್ದರೆ ಹೊರೆಯನ್ನು ಇಳಿಸುವಂತಿರಲಿಲ್ಲ. ನೆಲಕ್ಕಿಳಿಸಿದರೆ ಮತ್ತೆ ಎತ್ತಿ ತಲೆಗೇರಿಸುವವರಾರು? ಈ ಕಲ್ಲಿನ ಬಳಿ ಬಂದಾಗ ಅವನು ಹೊರೆಯನ್ನು ಅದರ ಮೇಲಕ್ಕೆ ಜಾರಿಸಿ, ಬೆವರೊರಸಿಕೊಂಡು, ದಣಿವಾರಿದ ಮೇಲೆ ಯಾರ ನೆರವೂ ಇಲ್ಲದೆ ಮರಳಿ ತಲೆಗೆ ತೆಗೆದುಕೊಂಡು ನಡೆಯುತ್ತಿದ್ದನು. ತಮಿಳುನಾಡಿನಲ್ಲಿ ಇಂಥ ಕಲ್ಲನ್ನು ಸುಮೈತಾಂಗಿ ಎನ್ನುತ್ತಾರೆ. ಬಸುರಿಯಾಗಿದ್ದಾಗಲೇ ತೀರಿಕೊಂಡ ಹೆಣ್ಣುಮಗಳ ನೆನಪಿಗಾಗಿ ಇದನ್ನು ನಿಲ್ಲಿಸುವ ರೂಢಿ ಅಲ್ಲಿತ್ತು. ತನ್ನ ಭಾರವನ್ನು ಇಳಿಸದೆಯೇ ಹೋದವಳ ಹೆಸರಿನಲ್ಲಿ ಪರರ ಭಾರವಾದರೂ ಇಳಿಯಲಿ ಎಂಬುದು ಎಂಥ ಕರುಣೆಯ ಕಲ್ಪನೆ! ಆ ಕಲ್ಲು ದಾರಿಹೋಕನ ಹೊರೆಯನ್ನು ಊರಿನವರೆಗೆ ಹೊತ್ತು ಮುಟ್ಟಿಸುವುದಿಲ್ಲ. ಅರೆಗಳಿಗೆ ತಾಳಿಕೊಳ್ಳುತ್ತದೆ, ಅಷ್ಟೆ. ಸಣ್ಣ ಉಪಕಾರವೆಂಬುದರ ಸ್ವರೂಪವೂ ಅಷ್ಟೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ನಿವೇದಿಸಿಕೊಳ್ಳಬೇಕಾಗಿದೆ. ಕೆಲವು ವರ್ಷಗಳ ಹಿಂದೆ, ಗಡಿನಾಡಿನ ಕನ್ನಡದ ಅಳಿವು ಉಳಿವುಗಳನ್ನು ಕುರಿತು ಭಾಷಣ ಮಾಡಲು ನಾವು ಪಕ್ಕದ ಊರಿಗೆ ಹೊರಟಿದ್ದೆವು. ಬಸ್ಸು ಬಂದು ನಿಂತಿತ್ತು. ಅಜ್ಜಿಯೊಬ್ಬರು ಮಲಯಾಳದಲ್ಲಿ ಬರೆದ ಕಾಗದವೊಂದನ್ನು ಮುಂದೆ ಹಿಡಿದು, “ಮಾಷ್ಟ್ರೇ, ಇದರಲ್ಲಿ ಎಂತ ಬರೆದುಂಟು? ಒಮ್ಮೆ ಓದಿ ಹೇಳುವಿರೋ?” ಎಂದು ಕೇಳಿದರು. “ಈಗ ಪುರುಸೊತ್ತಿಲ್ಲ ಅಜ್ಜಿ” ಎಂದು ನಾವು ಬಸ್ಸನ್ನೇರಿದೆವು. ಭಾಷಣ ಚೆನ್ನಾಗಿ ಸಾಗಿತು, ಕರತಾಡನವೂ ಆಯಿತು. ಮರುದಿನ ತಿಳಿದುದೇನೆಂದರೆ, ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನು ಆ ಕಾಗದವನ್ನು ಓದಿ ಹೇಳಿ, ಅಜ್ಜಿಯನ್ನು ಕಚೇರಿಗೆ ಕರೆದುಕೊಂಡು ಹೋಗಿ, ಅದೇ ದಿನ ಒಪ್ಪಿಸಬೇಕಾಗಿದ್ದ ಪಿಂಚಣಿಯ ಪತ್ರವನ್ನು ಒಪ್ಪಿಸಿದ್ದನು. ಮನೆ ಸೇರುವಾಗ ಅವನಿಗೆ ಕತ್ತಲಾಗಿತ್ತು. “ಹೆದರಿಕೆಯಾಗಲಿಲ್ಲವೇನಪ್ಪ?” ಎಂದು ಕೇಳಿದೆವು. “ಇಲ್ಲ ಸರ್, ಅಜ್ಜಿ ಬೆಲ್ಲ ನೀರು ಕೊಟ್ಟರು” ಎಂದನು. ಆ ದಿನದ ಕರತಾಡನ ನಮಗೆ ಈಗ ನೆನಪಿಲ್ಲ. ಆ ಹುಡುಗನ ಮುಖದ ಬೆಳಕು ಮಾತ್ರ ಇಂದಿಗೂ ಕಣ್ಣಮುಂದಿದೆ.

ಈ ಅನುಭವಕ್ಕೆ ವಿಜ್ಞಾನದ ಸಾಕ್ಷ್ಯವೂ ದೊರೆತಿದೆ. ಕೆನಡಾ ದೇಶದ ಎಲಿಜಬೆತ್ ಡನ್ ಎಂಬ ವಿದುಷಿಯೂ ಅವರ ಸಂಗಡಿಗರೂ 2008ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಬೆಳಗ್ಗೆ ಕೆಲವರಿಗೆ 5 ಡಾಲರುಗಳನ್ನೂ ಕೆಲವರಿಗೆ 20 ಡಾಲರುಗಳನ್ನೂ ಕೊಟ್ಟು, ಸಂಜೆಯೊಳಗೆ ಕೆಲವರು ತಮಗಾಗಿಯೂ ಕೆಲವರು ಪರರಿಗಾಗಿಯೂ ವ್ಯಯಿಸಬೇಕೆಂದು ಹೇಳಿದರು. ಸಂಜೆ ವಿಚಾರಿಸಿದಾಗ ಪರರಿಗಾಗಿ ವ್ಯಯಿಸಿದವರೇ ಹೆಚ್ಚು ಸಂತುಷ್ಟರಾಗಿದ್ದರು. ಹಣ ಐದೋ ಇಪ್ಪತ್ತೋ ಎಂಬುದರಿಂದ ಭೇದವೇನೂ ಆಗಲಿಲ್ಲ. ಅಮೇರಿಕೆಯ ಎಡ್ ಓಬ್ರಿಯನ್ ಮತ್ತು ಸಮಾಂತಾ ಕ್ಯಾಸಿರರ್ ಎಂಬವರು 2018ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ಐದು ದಿನಗಳ ಕಾಲ ದಿನಕ್ಕೆ 5 ಡಾಲರುಗಳನ್ನು ಒಂದೇ ಬಗೆಯಾಗಿ ವ್ಯಯಿಸಲು ಹೇಳಲಾಯಿತು. ತಮಗಾಗಿ ವ್ಯಯಿಸಿದವರ ಹರ್ಷ ದಿನದಿಂದ ದಿನಕ್ಕೆ ಇಳಿಯಿತು. ಪರರಿಗೆ ಕೊಟ್ಟವರ ಹರ್ಷ ಹಾಗೆ ಕುಂದಲಿಲ್ಲ. ಪಡೆದ ಸುಖ ರೂಢಿಯಾಗಿ ಸಪ್ಪೆಯಾಗುತ್ತದೆ, ಕೊಟ್ಟ ಸುಖ ಬಾಳುತ್ತದೆ ಎಂಬುದಲ್ಲವೆ ಇದರ ತಾತ್ಪರ್ಯ?

ಬಂಧುಗಳೆ, 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿತು. ಅಂದಿನಿಂದ ನಮ್ಮವರ ತಲೆಯ ಮೇಲೆ ಭಾಷೆಯ ಹೊರೆಯೊಂದು ಏರಿದೆ. ಕುಂದುಕೊರತೆಗಳ ಅಹವಾಲನ್ನು ಕನ್ನಡದಲ್ಲಿಯೇ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ನಮಗೆ ಕೊಟ್ಟಿದೆ. ಆ ಹಕ್ಕಿಗಾಗಿ ದನಿಯೆತ್ತುವುದು ನಮ್ಮ ಧರ್ಮ; ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕು ಕೈಗೂಡುವವರೆಗೆ ಆ ಅಜ್ಜಿಯ ಕಾಗದವನ್ನು ಓದುವವರು ಯಾರು? ಭಾಷೆಯನ್ನು ಪ್ರೀತಿಸುತ್ತೇವೆನ್ನುವ ನಾವು ಅದನ್ನಾಡುವ ಮುದುಕಿಯನ್ನು ಬಸ್ಸುನಿಲ್ದಾಣದಲ್ಲಿ ಬಿಟ್ಟುಹೋದರೆ ಆ ಪ್ರೀತಿಗೆ ಬೆಲೆಯೇನು?

ಆದುದರಿಂದ ನಮ್ಮದೊಂದು ವಿನಂತಿ. ಸಂಘದ ಜಗಲಿಯಲ್ಲಿ ಪ್ರತಿ ಶನಿವಾರ ಒಂದು ಗಂಟೆಯ ಹೊತ್ತು, ಎರಡು ಭಾಷೆಗಳನ್ನೂ ಬಲ್ಲ ಇಬ್ಬರು ಕುಳಿತು, ಬಂದವರ ಕಾಗದಗಳನ್ನು ಓದಿ ಹೇಳಲಿ, ಅರ್ಜಿಗಳನ್ನು ಬರೆದುಕೊಡಲಿ. ಹಣ ಬೇಡ, ಒಂದು ಬೆಂಚು, ಒಂದು ಲೇಖನಿ, ಒಂದು ಚೊಂಬು ನೀರು, ನಾಲ್ಕು ಅಚ್ಚು ಬೆಲ್ಲ ಸಾಕು. ಬಂದವರು ಕನ್ನಡಿಗರೋ, ನೆರೆಮನೆಯ ಮಲಯಾಳಿಗಳೋ, ದೂರದ ಬಂಗಾಳದಿಂದ ಕೂಲಿಗೆ ಬಂದವರೋ ಎಂದು ಕೇಳುವುದು ಬೇಡ. ಹೊರೆಯಿಳಿಸುವ ಕಲ್ಲು ದಾರಿಹೋಕನ ಮಾತೃಭಾಷೆಯನ್ನು ಎಂದಾದರೂ ಕೇಳಿತ್ತೆ? ಮೊದಲನೆಯ ಶನಿವಾರ ನಾವೇ ಬಂದು ಕುಳಿತುಕೊಳ್ಳುತ್ತೇವೆ. ಅಂದು ಪುರುಸೊತ್ತಿಲ್ಲವೆಂದವರ ಸಾಲವನ್ನು ಹೀಗಾದರೂ ತೀರಿಸಲು ಆರಂಭಿಸಬೇಕಷ್ಟೆ.